ಬಸರೂರಿನ ವಾಣಿಜ್ಯ ದಾಖಲೆಗಳು: ಹಲರ ಶಾಸನಗಳು ಮತ್ತು ಗೋವೆಯ ಕಾಗದಗಳು

ಉಡುಪಿ ಜಿಲ್ಲೆಯ ಕುಂದಾಪುರದಿಂದ ಪೂರ್ವಕ್ಕೆ ಕೆಲವೇ ಮೈಲಿ ದೂರದಲ್ಲಿ, ವಾರಾಹಿ ನದಿಯ ದಂಡೆಯಲ್ಲಿರುವ ಬಸರೂರು ಇಂದು ದೇವಸ್ಥಾನಗಳ ಊರೆಂದೇ ಪರಿಚಿತವಾಗಿದೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಇದೇ ಊರು ಅರಬ್ಬೀ ಸಮುದ್ರದ ಎರಡೂ ದಡಗಳಿಗೆ ಅಕ್ಕಿಯನ್ನು ಒದಗಿಸುತ್ತಿದ್ದ ಪೇಟೆಯಾಗಿತ್ತು. ಸಮುದ್ರದ ಹಡಗುಗಳು ಊರಿನೊಳಕ್ಕೆ ಬರುತ್ತಿರಲಿಲ್ಲ. ವಾರಾಹಿ, ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳು ಗಂಗೊಳ್ಳಿಯ ಅಳಿವೆಯ ಬಳಿ ಒಂದಾಗುವ ವಿಶಾಲವಾದ ಹಿನ್ನೀರಿನಲ್ಲಿ ಅವು ನಿಲ್ಲುತ್ತಿದ್ದವು. ಘಟ್ಟದ ಮೆಣಸೂ ಬಯಲಿನ ಅಕ್ಕಿಯೂ ದೋಣಿಗಳಲ್ಲಿ ನದಿಯಿಳಿದು ಅಲ್ಲಿಗೆ ಬರುತ್ತಿದ್ದವು. ಬಸರೂರಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ದೋಣಿದಾರಿಯ ಚರಿತ್ರೆ.

ಇಂತಹ ಊರಿನ ವಾಣಿಜ್ಯವನ್ನು ಅಧ್ಯಯನ ಮಾಡಹೊರಟವರಿಗೆ ಮೊದಲು ಎದುರಾಗುವುದು ಒಂದು ವಿಚಿತ್ರವಾದ ಕೊರತೆ. ಇದು ವರ್ತಕರ ಊರು. ಆದರೆ ವರ್ತಕರ ಲೆಕ್ಕದ ಪುಸ್ತಕಗಳು ಇಲ್ಲಿಲ್ಲ. ಇರುವುದು ಎರಡು ಬಗೆಯ ದಾಖಲೆ. ಒಂದು, ದೇವಾಲಯಗಳ ಅಂಗಳದಲ್ಲಿ ನಿಂತಿರುವ ದಾನಶಾಸನಗಳು. ಇನ್ನೊಂದು, ಅದೇ ವರ್ತಕರೊಡನೆ ಕೊಂಡು, ಕಾದಾಡಿ, ಒಪ್ಪಂದ ಮಾಡಿಕೊಂಡ ಪೋರ್ಚುಗೀಸರು ಗೋವೆಯಲ್ಲಿಯೂ ಲಿಸ್ಬನ್ನಿನಲ್ಲಿಯೂ ಕೂಡಿಟ್ಟ ಕಾಗದಗಳು. ಮೊದಲನೆಯದರಲ್ಲಿ ವರ್ತಕ ದಾನಿಯಾಗಿ ಕಾಣಿಸಿಕೊಂಡರೆ ಎರಡನೆಯದರಲ್ಲಿ ಬಗ್ಗದ ಎದುರಾಳಿಯಾಗಿ ಕಾಣಿಸಿಕೊಳ್ಳುತ್ತಾನೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದುವ ಕೆಲಸ ಕನ್ನಡದಲ್ಲಿ ವಿರಳವಾಗಿಯೇ ನಡೆದಿದೆ. ಶಾಸನಗಳನ್ನು ಓದುವವರು ಕನ್ನಡ ವಿಭಾಗಗಳಲ್ಲಿದ್ದಾರೆ. ಪೋರ್ಚುಗೀಸ್ ಕಾಗದಗಳನ್ನು ಓದುವವರು ಇತಿಹಾಸ ವಿಭಾಗಗಳಲ್ಲಿದ್ದಾರೆ, ಅವರು ಬರೆಯುವುದು ಬಹುಪಾಲು ಇಂಗ್ಲಿಷಿನಲ್ಲಿ. ಈ ಎರಡು ದಾಖಲೆಗಳ ಸ್ವರೂಪವನ್ನು, ಅವು ಪರಸ್ಪರ ಎಲ್ಲಿ ಪೂರಕವಾಗುತ್ತವೆ, ಎಲ್ಲಿ ಒಂದನ್ನೊಂದು ತಿದ್ದುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕಳೆದುಹೋದ ಕಡತ

ವರ್ತಕರ ಪುಸ್ತಕಗಳು ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಂದಿನ ಬರವಣಿಗೆಯ ಸಾಮಗ್ರಿಯಲ್ಲಿಯೇ ಇದೆ. ಕನ್ನಡನಾಡಿನಲ್ಲಿ ಶಾನುಭೋಗರೂ ಅಂಗಡಿಕಾರರೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಚರಿತ್ರೆಯಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ: ಉದ್ದನೆಯ ಹತ್ತಿಬಟ್ಟೆಯ ಪಟ್ಟಿಗೆ ಎರಡೂ ಬದಿಯಲ್ಲಿ ಅಂಟು ಮತ್ತು ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಎರಡು ತುದಿಗಳಿಗೆ ಹಲಗೆ, ಬರೆಯಲು ಬಳಪ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರ. ಬೇಕಾದಾಗ ಒರೆಸಬಹುದು, ಮತ್ತೆ ಬರೆಯಬಹುದು. ಬರೆದದ್ದನ್ನು ಜೋಪಾನ ಮಾಡಿದರೆ ಕಾಗದದಷ್ಟೇ ಬಾಳುತ್ತದೆಂದೂ ವಿಲ್ಕ್ಸ್ ಅಭಿಪ್ರಾಯಪಡುತ್ತಾನೆ. ಕರಾವಳಿಯ ಮಳೆಗೂ ಗೆದ್ದಲಿಗೂ ಈ ಮಾತು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ಬೇರೆ ಮಾತು. ಅದಕ್ಕಿಂತ ಮುಖ್ಯವಾದುದು, ವ್ಯವಹಾರ ತೀರಿದ ಮೇಲೆ ಲೆಕ್ಕವನ್ನು ಅಳಿಸಿ ಅದೇ ಕಡತವನ್ನು ಮತ್ತೆ ಬಳಸಬಹುದಾಗಿದ್ದುದು. ವರ್ತಕನಿಗೆ ಬೇಕಾದುದು ಬಾಕಿಯ ನೆನಪೇ ಹೊರತು ಚರಿತ್ರೆಯಲ್ಲ.

ಇಂದು ನಾವು ಕಚೇರಿಯ ಕಾಗದಗಳ ಕಟ್ಟಿಗೆ ಕಡತ ಎನ್ನುವಾಗ ಬಳಸುತ್ತಿರುವುದು ಈ ಬಟ್ಟೆಪುಸ್ತಕದ ಹೆಸರನ್ನೇ. ವಸ್ತು ಹೋಗಿ ಪದ ಉಳಿದಿದೆ. ಬಸರೂರಿನ ಮಟ್ಟಿಗೆ ಇಂತಹ ಉಳಿದ ಪದಗಳೇ ಒಂದು ದಾಖಲೆಯೆಂಬುದನ್ನು ಮುಂದೆ ನೋಡಬಹುದು.

ಹೆಸರಿನ ಗೊಂದಲ

ದಾಖಲೆಗಳನ್ನು ಹುಡುಕುವವರಿಗೆ ಊರಿನ ಹೆಸರೇ ಮೊದಲ ತೊಡಕು. ಬಸರೂರು, ಬಸುರೂರು, ಸಂಸ್ಕೃತೀಕರಿಸಿದ ವಸುಪುರ ಎಂಬ ರೂಪಗಳು ಒಂದೆಡೆಯಾದರೆ, ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತನಲ್ಲಿ ಇದು ‘ಅಬೂ ಸರೂರ್’ ಆಗಿದೆ. ಮಲಬಾರಿನಲ್ಲಿ ತಾನು ಕಂಡ ಮೊದಲ ಊರು ಇದೆಂದೂ, ದೊಡ್ಡ ಹಿನ್ನೀರಿನ ಮೇಲಿರುವ, ತೆಂಗಿನ ಮರಗಳು ತುಂಬಿದ ಚಿಕ್ಕ ಊರೆಂದೂ ಅವನು ಹೇಳುತ್ತಾನೆ. ಪೋರ್ಚುಗೀಸರಲ್ಲಿ ಬಾರ್ಸೆಲೋರ್, ಬ್ರಾಸೆಲೋರ್ ಎಂಬ ರೂಪಗಳಿವೆ. ಇದರ ಪಕ್ಕದಲ್ಲೇ ಬಾರಕೂರಿಗೆ ಅವರು ಬಳಸುವ ಬಾಕನೋರ್ ಎಂಬ ಹೆಸರೂ ಇರುವುದರಿಂದ ಅಚ್ಚಾದ ಸೂಚಿಗಳಲ್ಲಿ ಎರಡೂ ಊರುಗಳು ಕಲೆತುಹೋಗಿರುವುದುಂಟು. ಇಂಗ್ಲಿಷ್ ನಾವಿಕರ ನಕ್ಷೆಗಳಲ್ಲಿ ಸಮುದ್ರದಿಂದ ಕಾಣುವ ಕೊಡಚಾದ್ರಿ ‘ಬಾರ್ಸೆಲೂರ್ ಪೀಕ್’ ಎಂದಾಗಿತ್ತು. ಬಂದರು ಮರೆಯಾದ ಮೇಲೂ ಅದರ ಹೆಸರು ಬೆಟ್ಟದ ಮೇಲೆ ಉಳಿದುಕೊಂಡ ಬಗೆ ಇದು.

ಗ್ರೀಕ್ ಮತ್ತು ರೋಮನ್ ಲೇಖಕರ ಬಾಕರೆ, ಬರಾಕೆ ಎಂಬ ಹೆಸರುಗಳನ್ನು ಬಸರೂರಿಗೆ ಅಂಟಿಸುವ ರೂಢಿಯೊಂದು ಸ್ಥಳೀಯ ಬರವಣಿಗೆಯಲ್ಲಿ ಬೇರೂರಿದೆ. ಇದಕ್ಕೆ ಧ್ವನಿಸಾಮ್ಯದ ಹೊರತು ಬೇರೆ ಆಧಾರವಿಲ್ಲ. ಅದೇ ಬಾಕರೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಕೇರಳದ ತೀರದಲ್ಲಿ ಗುರುತಿಸುತ್ತಾರೆ. ಊರಿನ ಪ್ರಾಚೀನತೆಯನ್ನು ಹಿಗ್ಗಿಸುವ ಈ ಉತ್ಸಾಹದಲ್ಲಿ, ನಿಜವಾಗಿಯೂ ದಾಖಲೆಗಳಿರುವ ಶತಮಾನಗಳು ಅಲಕ್ಷ್ಯಕ್ಕೆ ಒಳಗಾಗಿವೆಯೆಂಬುದು ವಿಷಾದದ ಸಂಗತಿ.

ಶಾಸನಗಳು ಹೇಳುವ ಹಲರು

ವಿಜಯನಗರದ ಅರಸರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಭಾಗಿಸಿ ಒಡೆಯರ ಮೂಲಕ ಆಳುತ್ತಿದ್ದರು. ಬಸರೂರು ಬಾರಕೂರು ರಾಜ್ಯಕ್ಕೆ ಸೇರಿತ್ತು. ಈ ಪ್ರದೇಶದ ಶಾಸನಗಳಲ್ಲಿ ಹೆಚ್ಚಿನವು ದಕ್ಷಿಣ ಭಾರತದ ಶಾಸನಗಳು ಮಾಲೆಯ 1932ರ ಏಳನೆಯ ಸಂಪುಟದಲ್ಲಿಯೂ, 1939 ಮತ್ತು 1941ರಲ್ಲಿ ಎರಡು ಭಾಗಗಳಾಗಿ ಬಂದ ಒಂಬತ್ತನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ಏಳನೆಯದರಲ್ಲಿ ಪಾಠ ಮಾತ್ರ ಇದೆ; ಒಂಬತ್ತನೆಯದರಲ್ಲಿ ಪಾಠದ ಮೊದಲಿಗೆ ಇಂಗ್ಲಿಷಿನಲ್ಲಿ ಕೆಲವು ಸಾಲುಗಳ ಸಾರಾಂಶ. ಸಾರಾಂಶವನ್ನಷ್ಟೇ ನೋಡಿ ಹೋಗುವವರಿಗೆ ಇವೆಲ್ಲ ಒಂದೇ ಅಚ್ಚಿನ ದಾನಶಾಸನಗಳಾಗಿ ಕಾಣುವುದು ಸಹಜ. ವಾಣಿಜ್ಯಕ್ಕೆ ಸಂಬಂಧಿಸಿದ ವಿವರಗಳು ಸಾರಾಂಶಕ್ಕೆ ಬಾರದ ಸಾಲುಗಳಲ್ಲಿ, ಅಂದರೆ ಲೆಕ್ಕ ಹೇಳುವ ಸಾಲುಗಳಲ್ಲಿ ಅಡಗಿವೆ.

ಈ ಶಾಸನಗಳ ಕೇಂದ್ರದಲ್ಲಿರುವ ಸಂಸ್ಥೆ ‘ಹಲರು’. ಹಳಗನ್ನಡದ ‘ಪಲರ್’ ಎಂಬ ಸರ್ವನಾಮವೇ ಪಕಾರ ಹಕಾರವಾಗಿ ಇಲ್ಲಿ ಒಂದು ಸಭೆಯ ಹೆಸರಾಗಿದೆ. ಕನ್ನಡದಲ್ಲಿ ಇಂತಹ ಬೆಳವಣಿಗೆ ಅಪರೂಪದ್ದು: ಯಾರೆಂದು ಹೇಳದ ಪದವೊಂದು ಊರಿನ ಅಧಿಕಾರಸ್ಥರ ಪಾರಿಭಾಷಿಕ ಹೆಸರಾಗುವುದು. ಬಸರೂರಿನ ಶಾಸನಗಳು ಮೂಡುಕೇರಿಯ ಹಲರು, ಪಡುವಕೇರಿಯ ಹಲರು ಎಂದು ಎರಡು ಕೇರಿಗಳ ಸಭೆಗಳನ್ನು ಪ್ರತ್ಯೇಕವಾಗಿ ಹೆಸರಿಸುತ್ತವೆ. ಊರು ಎರಡು ಕೇರಿಗಳಾಗಿ, ಪ್ರತಿ ಕೇರಿಗೂ ತನ್ನದೇ ಆದ ಸಭೆಯಿದ್ದು ಬೆಳೆದಿತ್ತೆಂಬುದು ಇದರಿಂದ ಸ್ಪಷ್ಟ. ಇವರೊಂದಿಗೆ ಸೆಟ್ಟಿಕಾರರು, ನಖರ ಮತ್ತು ಹಂಜಮಾನ ಎಂಬ ಸಮೂಹಗಳೂ ಕರಾವಳಿಯ ಶಾಸನಗಳಲ್ಲಿ ಬರುತ್ತವೆ.

ಹಂಜಮಾನದ ಬಗ್ಗೆ ಒಂದು ಮಾತು ಅಗತ್ಯ. ಕ್ರಿ.ಶ. 849ರ ಕೇರಳದ ತರಿಸಾಪಳ್ಳಿ ತಾಮ್ರಪಟಗಳಲ್ಲಿ ‘ಅಂಜುವಣ್ಣಂ’ ಎಂದೂ, ಕೊಂಕಣದ ಶಿಲಾಹಾರರ ತಾಮ್ರಪಟಗಳಲ್ಲಿ ‘ಹಂಜಮನ’, ‘ಹಂಯಮನ’ ಎಂದೂ ಕಾಣುವ ಈ ಪದವನ್ನು ವಿದ್ವಾಂಸರು ಪರ್ಷಿಯನ್ನಿನ ಅಂಜುಮನ್ ಎಂಬುದರೊಡನೆ ಜೋಡಿಸುತ್ತಾರೆ. ಪಶ್ಚಿಮ ಏಷ್ಯಾದಿಂದ ಬಂದ ವರ್ತಕರ ಸಂಘ ಇದು. ವಿಜಯನಗರ ಕಾಲದ ಕರಾವಳಿಯಲ್ಲಿ ಇದು ಮುಖ್ಯವಾಗಿ ಮುಸಲ್ಮಾನ ವರ್ತಕರ ಸಮೂಹವನ್ನು ಸೂಚಿಸುತ್ತದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಹೊರನಾಡಿನಿಂದ ಬಂದವರ ಸಂಘವೊಂದು ಹಲರ ಪಕ್ಕದಲ್ಲಿಯೇ, ಕನ್ನಡ ಶಾಸನದೊಳಗೆ, ಯಾವ ವಿವರಣೆಯ ಅಗತ್ಯವೂ ಇಲ್ಲದೆ ಹೆಸರಿಸಲ್ಪಡುವುದು ಗಮನಾರ್ಹವಾಗಿದೆ. ಶಾಸನವನ್ನು ಬರೆದವನಿಗೆ ಅದು ವಿಶೇಷವೆನಿಸಿರಲಿಲ್ಲ.

ದಾನದ ಕ್ರಮದಲ್ಲಿ ವಾಣಿಜ್ಯದ ಸುಳಿವುಗಳಿವೆ. ದೇವರ ಅಮೃತಪಡಿಗೋ ಛತ್ರದ ಊಟಕ್ಕೋ ಗದ್ಯಾಣಗಳನ್ನು ಮೂಲಧನವಾಗಿ ಕೊಟ್ಟು, ಅದರಿಂದ ವರ್ಷಕ್ಕೆ ಇಂತಿಷ್ಟು ಮೂಡೆ ಅಕ್ಕಿ ಬರಬೇಕೆಂದು ಗೊತ್ತುಪಡಿಸುವುದು ಇಲ್ಲಿಯ ಸಾಮಾನ್ಯ ಪದ್ಧತಿ. ಅಕ್ಕಿಯನ್ನು ಹೇಳುವಾಗ ಮೂಡೆ ಎಂದಷ್ಟೇ ಹೇಳಿ ಬಿಡದೆ, ಎಷ್ಟು ಹಾನೆಯ ಮೂಡೆ ಎಂಬುದನ್ನೂ ಶಾಸನಗಳು ನಮೂದಿಸುವುದುಂಟು. ಹೊನ್ನನ್ನು ಹೇಳುವಾಗ ಕಾಟಿ ಗದ್ಯಾಣವೋ ಬಾರಕೂರು ಗದ್ಯಾಣವೋ ಎಂದು ವಿಶೇಷಣ ಸೇರಿಸುವುದೂ ಇದೇ ಎಚ್ಚರದಿಂದ. ಅಳತೆಯೂ ನಾಣ್ಯವೂ ಊರಿಂದೂರಿಗೆ ಬೇರೆಯಾಗಿದ್ದ ಕಾಲದಲ್ಲಿ, ಹಲವು ಕಡೆಯ ಮೂಡೆಗಳನ್ನು ದಿನವೂ ಅಳೆಯುತ್ತಿದ್ದವರ ಎಚ್ಚರವಿದು. ಹೊನ್ನಿಗೂ ಅಕ್ಕಿಗೂ ಇರುವ ಈ ನಿಗದಿತ ವಿನಿಮಯ, ಅಕ್ಕಿಯೇ ಇಲ್ಲಿ ಬಡ್ಡಿಯ ರೂಪವಾಗಿತ್ತೆಂಬುದನ್ನು ಸೂಚಿಸುತ್ತದೆ. ದಾನಶಾಸನದ ಪರಿಭಾಷೆಯೊಳಗೆ ಬಂಡವಾಳದ ವ್ಯವಹಾರವೊಂದು ಕುಳಿತಿದೆ.

ಆದರೆ ಶಾಸನದ ಮಿತಿಯನ್ನು ಮರೆಯುವಂತಿಲ್ಲ. ಹಲರು ಏನನ್ನು ಕೊಟ್ಟರು, ಯಾವ ಧರ್ಮವನ್ನು ಕಾಯುವ ಹೊಣೆ ಹೊತ್ತರು ಎಂದು ಅದು ಹೇಳುತ್ತದೆ. ಆ ಹೊನ್ನು ಅವರಿಗೆ ಹೇಗೆ ಬಂತೆಂದು ಹೇಳುವುದಿಲ್ಲ. ಹಡಗು, ಸರಕು, ಖರೀದಿಯ ಬೆಲೆ, ಸಾಲ ಮುಳುಗಿದ ಪ್ರಸಂಗ, ಇವು ಯಾವುವೂ ಕಲ್ಲಿನ ಮೇಲೆ ಬರುವಂಥವಲ್ಲ.

ಅಕ್ಕಿಯ ಹಿಂದೆ ಬಂದ ಕಾಗದಗಳು

ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ದುಆರ್ತೆ ಬಾರ್ಬೋಸಾ ಬಾರಕೂರು ಮತ್ತು ಬಸರೂರುಗಳನ್ನು ಒಟ್ಟಿಗೇ ಪ್ರಸ್ತಾಪಿಸುತ್ತಾನೆ. ಒಳ್ಳೆಯ ಅಕ್ಕಿ ಇಲ್ಲಿ ಹೇರಳವಾಗಿ ಬೆಳೆಯುತ್ತದೆ; ಮಲಬಾರಿನ ದೋಣಿಗಳೂ ಹೊರ್ಮುಜ್, ಏಡನ್ ಕಡೆಯ ಹಡಗುಗಳೂ ಅದನ್ನು ತುಂಬಿಕೊಳ್ಳಲು ಬರುತ್ತವೆ; ಬದಲಿಗೆ ತೆಂಗು, ತೆಂಗಿನೆಣ್ಣೆ, ಬೆಲ್ಲ, ತಾಮ್ರಗಳನ್ನು ತರುತ್ತವೆ ಎಂಬುದು ಅವನ ಹೇಳಿಕೆಯ ತಾತ್ಪರ್ಯ. ಗಮನಿಸಬೇಕಾದ ಅಂಶವೆಂದರೆ, ಪೋರ್ಚುಗೀಸರು ಬರುವ ಮೊದಲೇ ಈ ವ್ಯಾಪಾರ ಪೂರ್ಣವಾಗಿ ರೂಪುಗೊಂಡಿತ್ತು. ಅವರು ಅದನ್ನು ಸೃಷ್ಟಿಸಲಿಲ್ಲ; ನಡುವೆ ಪ್ರವೇಶಿಸಿ ತಮ್ಮ ಪಾಲು ಕೇಳಿದರು. 1502ರಲ್ಲಿ ವಾಸ್ಕೊ ದ ಗಾಮ ಭಟ್ಕಳದ ಮೇಲೆ ಹೇರಿದ ಕಪ್ಪ ಹಣದ್ದಲ್ಲ, ಅಕ್ಕಿಯದು.

ಅಕ್ಕಿಯೇ ಏಕೆ ಎಂಬುದಕ್ಕೆ ಕಾರಣ ಸರಳ. ಗೋವೆಯ ನೆಲ ಗೋವೆಯ ಪಟ್ಟಣಕ್ಕೆ ಸಾಕಾಗುತ್ತಿರಲಿಲ್ಲ. ಹೊರ್ಮುಜ್, ಮಸ್ಕತ್, ಮೊಜಾಂಬಿಕ್, ಮಲಾಕಾಗಳಲ್ಲಿದ್ದ ಕೋಟೆಗಳಿಗೂ ಅಕ್ಕಿ ಬೇಕಾಗಿತ್ತು. ಮಳೆಗಾಲ ಮುಗಿದು ಕಡಲು ತೆರೆದೊಡನೆ ಕಾವಲು ಹಡಗುಗಳ ರಕ್ಷಣೆಯಲ್ಲಿ ದೋಣಿಗಳ ಸಾಲು ಗೋವೆಯಿಂದ ಕನ್ನಡ ಕರಾವಳಿಗೆ ಹೊರಡುತ್ತಿತ್ತು. ‘ಕನರಾದ ಕಾಫಿಲ’ ಎಂದು ಪೋರ್ಚುಗೀಸ್ ಕಾಗದಗಳು ಕರೆಯುವುದು ಇದನ್ನೇ. ಮೆಣಸಿನ ಕಥೆಯನ್ನು ಎಲ್ಲರೂ ಬಲ್ಲರು. ಮೆಣಸಿನ ಸಾಮ್ರಾಜ್ಯ ಉಣ್ಣುತ್ತಿದ್ದುದು ಕನ್ನಡ ಕರಾವಳಿಯ ಅನ್ನವನ್ನೆಂಬ ಮಾತು ನಮ್ಮ ಪಠ್ಯಗಳಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ.

1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರವನ್ನೂ ಬಸರೂರನ್ನೂ ವಶಪಡಿಸಿಕೊಂಡನು. ನದಿಯ ಕೆಳಭಾಗದಲ್ಲಿ, ಸಮುದ್ರಕ್ಕೆ ಸಮೀಪವಾಗಿ, ಪೋರ್ಚುಗೀಸರ ಕೋಟೆ ಎದ್ದಿತು. ಅಲ್ಲಿಂದ ಮುಂದೆ ಅವರ ಬರವಣಿಗೆಯಲ್ಲಿ ಎರಡು ಬಸರೂರುಗಳು ಕಾಣಿಸುತ್ತವೆ: ಕೋಟೆಯಿದ್ದ ಕೆಳಗಣ ಬಸರೂರು, ಸೆಟ್ಟಿಗಳಿದ್ದ ಮೇಲಣ ಬಸರೂರು. 1623ರಲ್ಲಿ ಇಕ್ಕೇರಿಯಿಂದ ಘಟ್ಟವಿಳಿದು ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯೂ ಈ ಭೇದವನ್ನು ಹೇಳುತ್ತಾನೆ: ಮೇಲಣದು ವೆಂಕಟಪ್ಪನಾಯಕನಿಗೆ ಅಧೀನವಾದ ಸ್ಥಳೀಯರ ಊರು, ಕೆಳಗಣದು ಪೋರ್ಚುಗೀಸರದು. ಮೇಲಣ ಊರಿನ ವಿಶಾಲವಾದ ಬಜಾರು ಅವನ ಕಣ್ಣಿಗೆ ಬಿದ್ದಿತ್ತು. 1635ರಲ್ಲಿ ಆಂತೋನಿಯೊ ಬೊಕಾರೊ ಪೋರ್ಚುಗೀಸರ ಪೂರ್ವದೇಶದ ಕೋಟೆಗಳ ವಿವರಣೆಯೊಂದನ್ನು ಸಿದ್ಧಪಡಿಸಿದನು. ಪೆದ್ರೊ ಬರ್ರೆತೊ ದ ರೆಸೆಂದೆಯ ನಕ್ಷೆಗಳಿರುವ ಆ ಗ್ರಂಥದಲ್ಲಿ ಬಸರೂರಿನ ಕೋಟೆಗೂ ಸ್ಥಾನವಿದೆ.

ಈ ದಾಖಲೆಗಳು ಇರುವ ಸ್ಥಳವನ್ನು ಕುರಿತು ಸ್ವಲ್ಪ ವಿವರ ಕೊಡುವುದು ಉಚಿತ. ಗೋವೆಯ ಪತ್ರಾಗಾರ 1595ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಪಾಲಕ ಚರಿತ್ರಕಾರ ದಿಯೋಗೊ ದೊ ಕೌತೊ. ಬೊಕಾರೊ ಕೂಡ ಅದೇ ಹುದ್ದೆಯಲ್ಲಿದ್ದವನು. ಅಲ್ಲಿಯ ‘ಮೊನ್ಸೋಯಿಶ್ ದೊ ರೇನೊ’ ಎಂಬ ಮಾಲೆ ಪ್ರತಿ ವರ್ಷ ಮಾನ್ಸೂನಿನೊಡನೆ ಲಿಸ್ಬನ್ನಿಗೂ ಗೋವೆಗೂ ನಡುವೆ ಓಡಾಡಿದ ಪತ್ರಗಳದು. ಇದರಲ್ಲಿ ಹದಿನೇಳನೆಯ ಶತಮಾನದ ಮೊದಲರ್ಧಕ್ಕೆ ಸೇರಿದ 62 ಸಂಪುಟಗಳು ಲಿಸ್ಬನ್ನಿನ ತೊರ್ರೆ ದೊ ತೊಂಬೊ ಪತ್ರಾಗಾರದಲ್ಲಿವೆ. ಬಸರೂರಿನ ದೃಷ್ಟಿಯಿಂದ ಅತ್ಯಂತ ಮಹತ್ವದ ಅವಧಿ ಇದೇ ಆಗಿರುವುದರಿಂದ, ಗೋವೆಯೊಂದನ್ನೇ ನೋಡಿದವರ ಕೆಲಸ ಅರ್ಧವೇ ಆಗುತ್ತದೆ. ನೆರೆಯ ಅರಸರೊಡನೆ ನಡೆದ ಪತ್ರವ್ಯವಹಾರ, ಶಾಂತಿ ಒಪ್ಪಂದಗಳು ಮತ್ತು ಹಡಗುಗಳಿಗೆ ಕೊಟ್ಟ ಕರ್ತಾಜ್ ಎಂಬ ರಹದಾರಿಗಳು ಬೇರೆ ಬೇರೆ ಮಾಲೆಗಳಲ್ಲಿವೆ. ರಾಜ್ಯಮಂಡಲಿಯ ನಿರ್ಣಯಗಳನ್ನು ಪಾಂಡುರಂಗ ಪಿಸುರ್ಲೇಕರರು 1953ರಿಂದ 1957ರವರೆಗೆ ಐದು ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಕನ್ನಡ ಸಂಶೋಧಕರು ಪೋರ್ಚುಗೀಸ್ ಹಸ್ತಪ್ರತಿಗಳಿಗೆ ಇಳಿಯುವ ಮುನ್ನ ಮೆಟ್ಟಬಹುದಾದ ಮೊದಲ ಮೆಟ್ಟಿಲು ಈ ಅಚ್ಚಿನ ಸಂಪುಟಗಳು.

ಇಂಗ್ಲಿಷಿನಲ್ಲಿ ಈ ಆಕರಗಳನ್ನು ದುಡಿಸಿಕೊಂಡವರಲ್ಲಿ ಬಿ. ಎಸ್. ಶಾಸ್ತ್ರಿಯವರು ಗೋವೆ ಮತ್ತು ಕೆನರಾಗಳ ರಾಜಕೀಯ ಸಂಬಂಧವನ್ನೂ, ಸಂಜಯ್ ಸುಬ್ರಹ್ಮಣ್ಯಂ 1984ರ ಲೇಖನವೊಂದರಲ್ಲಿ 1600ರಿಂದ 1650ರವರೆಗಿನ ಬಸರೂರಿನ ಅಕ್ಕಿ ವ್ಯಾಪಾರವನ್ನೂ ವಿಶದವಾಗಿ ಚರ್ಚಿಸಿದ್ದಾರೆ. ಶಾಸನಗಳ ಕಡೆಯಿಂದ ಕೆ. ವಿ. ರಮೇಶ್ ಅವರ 1970ರ ದಕ್ಷಿಣ ಕನ್ನಡದ ಇತಿಹಾಸ, ಪಿ. ಗುರುರಾಜ ಭಟ್ಟರ 1975ರ ತುಳುವ ಇತಿಹಾಸ ಮತ್ತು ಸಂಸ್ಕೃತಿ ಅಧ್ಯಯನ ಇಂದಿಗೂ ಅನಿವಾರ್ಯವಾದ ಗ್ರಂಥಗಳು. ಇವೆರಡೂ ಧಾರೆಗಳು ಒಂದೇ ಊರಿನ ಬಗ್ಗೆ ಹೇಳುತ್ತಿದ್ದರೂ ಅಪರೂಪಕ್ಕೆ ಮಾತ್ರ ಭೇಟಿಯಾಗುತ್ತವೆ.

ಸೆಟ್ಟಿಗಳ ಗಣರಾಜ್ಯ?

ಅವು ಭೇಟಿಯಾಗಲೇಬೇಕಾದ ಒಂದು ಪ್ರಶ್ನೆಯಿದೆ. ಮೇಲಣ ಬಸರೂರು ‘ಶತಿಂ’ಗಳ, ಅಂದರೆ ಸೆಟ್ಟಿಗಳ ಆಳ್ವಿಕೆಯಲ್ಲಿ ಗಣರಾಜ್ಯದಂತೆ ಇತ್ತು, ದೂರದ ಅರಸನಿಗೆ ಅಲ್ಪ ಕಾಣಿಕೆ ಕೊಟ್ಟು ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುತ್ತಿತ್ತು ಎಂಬರ್ಥದ ವರ್ಣನೆ ಕೌತೊ ಮೊದಲಾದ ಪೋರ್ಚುಗೀಸ್ ಬರೆಹಗಾರರಲ್ಲಿ ಇದೆ. ಈ ಮಾತು ಆಕರ್ಷಕವಾದುದು. ಆದ್ದರಿಂದಲೇ ಪುನರುಕ್ತಿಗೊಳ್ಳುತ್ತಾ ಬಂದಿದೆ.

ಶಾಸನಗಳೊಡನೆ ಇಟ್ಟು ನೋಡಿದರೆ ಇದು ಸಂಪೂರ್ಣ ಸುಳ್ಳೂ ಅಲ್ಲ, ಇದ್ದ ಹಾಗೆ ನಂಬತಕ್ಕದ್ದೂ ಅಲ್ಲ. ಮೂಡುಕೇರಿ ಮತ್ತು ಪಡುವಕೇರಿಗಳ ಹಲರು ಹದಿನೈದನೆಯ ಶತಮಾನದಲ್ಲಿಯೇ ದಾನಗಳನ್ನು ಸ್ವೀಕರಿಸಿ, ನಿರ್ವಹಿಸಿ, ಸಾಕ್ಷಿ ನಿಲ್ಲುವ ಅಧಿಕಾರ ಪಡೆದಿದ್ದರು. ಪೋರ್ಚುಗೀಸರು ಕಂಡದ್ದು ಈ ಹಳೆಯ ಸಭೆಯ ಮುಂದುವರಿಕೆಯನ್ನೇ ಇರಬೇಕು. ಆದರೆ ಅದೇ ಶಾಸನಗಳು ಚಕ್ರವರ್ತಿಯ ಹೆಸರಿನಿಂದ ತೊಡಗಿ, ಬಾರಕೂರಿನಲ್ಲಿದ್ದ ಒಡೆಯನ ಹೆಸರನ್ನು ಹೇಳಿ, ಆ ಬಳಿಕವೇ ಹಲರ ಬಳಿಗೆ ಬರುತ್ತವೆ. ಇದನ್ನು ಬರಿಯ ಒಕ್ಕಣೆಯೆಂದು ತಳ್ಳಿಹಾಕಬಹುದು. ಆದರೆ ಒಕ್ಕಣೆಯನ್ನು ಉಳಿಸಿಕೊಂಡವರು ಹಲರೇ. ಸ್ವತಂತ್ರರೆಂದು ತಮ್ಮನ್ನು ತಾವು ಕರೆದುಕೊಂಡ ಒಂದು ಶಾಸನವನ್ನೂ ಅವರು ಹಾಕಿಸಲಿಲ್ಲ. ಇನ್ನೊಂದು ಕಡೆ, ಪೋರ್ಚುಗೀಸ್ ಬರೆಹಗಾರನ ಪ್ರಯೋಜನವೂ ವಿಚಾರಾರ್ಹ. ಅರಸನಿಲ್ಲದ ಊರಿನ ಮೇಲೆ ದಾಳಿ ಮಾಡಿದರೆ ಯಾವ ಅರಸನಿಗೂ ಅಪರಾಧ ಮಾಡಿದಂತಾಗುವುದಿಲ್ಲ. ಮೇಲಣ ಬಸರೂರನ್ನು ಒಂಟಿಯಾಗಿ ತೋರಿಸುವುದರಲ್ಲಿ ಅವರಿಗೆ ಅನುಕೂಲವಿತ್ತು. 1565ರ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲಗೊಂಡು ಕೆಳದಿಯ ಹಿಡಿತ ಬಿಗಿಯಾಗುವವರೆಗಿನ ಕೆಲವು ದಶಕಗಳಿಗೆ ಈ ವರ್ಣನೆ ಹೆಚ್ಚು ಸಲ್ಲುತ್ತದೆ ಎನ್ನಬಹುದು. ಅದನ್ನು ಊರಿನ ಶಾಶ್ವತ ಸ್ವಭಾವವೆಂದು ತಿಳಿಯುವುದು ದಾಖಲೆಗಳಿಗೆ ಮೀರಿದ್ದು. ವೆಂಕಟಪ್ಪನಾಯಕನ ಕಾಲಕ್ಕೆ ಮೇಲಣ ಬಸರೂರು ಕೆಳದಿಗೆ ಸೇರಿತ್ತೆಂಬುದಕ್ಕೆ ದೆಲ್ಲ ವಾಲ್ಲೆಯ ಸಾಕ್ಷ್ಯವೇ ಸಾಕು.

ಹಲರು ಮತ್ತು ಶತಿಂ ಎಂಬ ಎರಡು ಪದಗಳ ನಡುವಣ ಅಂತರವೂ ಚಿಂತನಾರ್ಹ. ಹಲರು ಎಂಬುದು ಸಭೆಯ ಹೆಸರು, ಶತಿಂ ಎಂಬುದು ಕಸುಬಿನ ಹೆಸರು. ಪೋರ್ಚುಗೀಸನಿಗೆ ಎದುರಿಗೆ ಕುಳಿತು ಅಕ್ಕಿಯ ದರ ಹೇಳುವ ವ್ಯಕ್ತಿ ಕಂಡನೇ ಹೊರತು ಆ ದರದ ಹಿಂದೆ ಇದ್ದ ಕೇರಿಯ ಸಭೆ ಕಾಣಲಿಲ್ಲ. ಆದ್ದರಿಂದಲೇ ಅವರ ಪತ್ರಗಳಲ್ಲಿ ಸೆಟ್ಟಿಗಳು ಮಾತು ತಪ್ಪುವವರಾಗಿಯೂ ಬೆಲೆ ಏರಿಸುವವರಾಗಿಯೂ ಚಿತ್ರಿತರಾಗುತ್ತಾರೆ. ಸಭೆಯ ನಿರ್ಣಯ ವ್ಯಕ್ತಿಯ ಕುತಂತ್ರವಾಗಿ ಕಾಣುವುದು ಹೀಗೆ.

ಕೆಳದಿ, ಶಿವಾಜಿ, ಕಂಪನಿ

ಮುಂದಿನ ಘಟನೆಗಳು ಪರಿಚಿತವಾದವು. ವೀರಭದ್ರನಾಯಕನೊಡನೆ ಪೋರ್ಚುಗೀಸರು 1631ರಲ್ಲಿ ಒಪ್ಪಂದ ಮಾಡಿಕೊಂಡರು. ಶಿವಪ್ಪನಾಯಕನು 1652ರಿಂದ 1654ರ ನಡುವೆ ಅವರ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡನು. ಲಿಂಗಣ್ಣ ಕವಿಯ ಕೆಳದಿನೃಪವಿಜಯ ಅರಸರ ಪರಾಕ್ರಮವನ್ನು ಹಾಡುವ ಕಾವ್ಯವಾದ್ದರಿಂದ ಅದರಲ್ಲಿ ಕೋಟೆಗಳಿಗೆ ಸಿಗುವ ಗಮನ ಗೋದಾಮುಗಳಿಗೆ ಸಿಗುವುದಿಲ್ಲ. ಕಾವ್ಯದಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. 1713ರ ಪೋರ್ಚುಗೀಸ್ ದಾಳಿ ಮತ್ತು 1714ರ ಒಪ್ಪಂದದವರೆಗೂ ಕೆಳದಿಯೊಡನೆ ಅವರ ಮಾತುಕತೆಯಲ್ಲಿ ಅಕ್ಕಿ ಮತ್ತೆ ಮತ್ತೆ ಬರುತ್ತದೆ.

1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಮಾಡಿದ ಪ್ರಸಂಗ, ದಾಖಲೆಗಳ ಸ್ವಭಾವಭೇದಕ್ಕೆ ಒಳ್ಳೆಯ ಉದಾಹರಣೆಯಾಗಿದೆ. ಸಭಾಸದನ ಮರಾಠಿ ಬಖರಿಗೆ ಅದು ಅರಸನ ಸಾಹಸ. ಕಾರವಾರದ ಇಂಗ್ಲಿಷ್ ಕೋಠಿಯ ಪತ್ರ 85 ಸಣ್ಣ ಹಡಗುಗಳನ್ನೂ 3 ದೊಡ್ಡ ಹಡಗುಗಳನ್ನೂ ಲೆಕ್ಕ ಹಾಕುತ್ತದೆ. ಮುಂದೆ ತಮ್ಮ ಸರಕಿಗೆ ಏನಾದೀತೆಂಬುದು ಆ ವರ್ತಕರ ಚಿಂತೆ. ಸೂರೆಗೊಳಗಾದವರ ಕಡೆಯಿಂದ ಕನ್ನಡದಲ್ಲಿ ಒಂದು ಸಾಲೂ ಪ್ರಕಟವಾಗಿಲ್ಲ. ಸೂರೆಯಾದ ಮನೆಗಳಲ್ಲಿ ಕಡತಗಳೂ ಇದ್ದಿರಬೇಕು.

1799ರ ಬಳಿಕ ಕಂಪನಿಯ ದಾಖಲೆಗಳು ಆರಂಭವಾಗುತ್ತವೆ. ಕೆನರಾದ ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ 1800ರ ಮೇ 31ರ ತನ್ನ ಪ್ರಸಿದ್ಧ ಪತ್ರದಲ್ಲಿ ಹಿಂದಿನ ಕಂದಾಯದ ಚರಿತ್ರೆಯನ್ನು ಕಟ್ಟಿದ್ದು ಶಾನುಭೋಗರ ಬಳಿಯಿದ್ದ ಕಪ್ಪು ಪುಸ್ತಕಗಳ ಆಧಾರದಿಂದ. ಕಪ್ಪು ಪುಸ್ತಕವೆಂದರೆ ಕಡತವೇ. ಅಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಹಳೆಯ ಕನ್ನಡ ಲೆಕ್ಕಗಳು, ಕಂದಾಯದ ಮಟ್ಟಿಗಾದರೂ, ಓದಬಲ್ಲ ಸ್ಥಿತಿಯಲ್ಲಿದ್ದವು. ಕಂಪನಿಯ ಕಾಗದದ ಲೆಕ್ಕ ಬಂದ ಮೇಲೆ ಅವು ಅನಗತ್ಯವಾದವು. ಮನ್ರೋನ ಇಂಗ್ಲಿಷ್ ಸಾರಾಂಶ ಉಳಿಯಿತು, ಮೂಲ ಹೋಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕೆನರಾ 1956ರವರೆಗೆ ಮದರಾಸಿನಲ್ಲಿಯೇ ಉಳಿಯಿತು. ಇದರ ಫಲವಾಗಿ ಬಸರೂರಿನ ಆಡಳಿತ ದಾಖಲೆಗಳಿಗಾಗಿ ಇಂದಿಗೂ ಚೆನ್ನೈನ ಪತ್ರಾಗಾರಕ್ಕೆ ಹೋಗಬೇಕಾಗಿದೆ. ಅಷ್ಟರಲ್ಲಿ ತಾಲ್ಲೂಕಿನ ಕೇಂದ್ರವೂ ಬಂದರೂ ಕುಂದಾಪುರವಾಗಿ, ಬಸರೂರು ಒಳಗಣ ಹಳ್ಳಿಯಾಗಿತ್ತು.

ಪದಗಳ ಪತ್ರಾಗಾರ

ಲೆಕ್ಕದ ಪುಸ್ತಕಗಳಿಲ್ಲದ ಕಡೆ ಪದಗಳನ್ನು ವಿಚಾರಿಸಬೇಕಾಗುತ್ತದೆ. ಇದು ಕನ್ನಡ ಅಧ್ಯಯನಕ್ಕೇ ಮೀಸಲಾದ ಕ್ಷೇತ್ರ. ಪೋರ್ಚುಗೀಸರು ಅತ್ಯುತ್ತಮ ಅಕ್ಕಿಗೆ ‘ಜಿರಸಾಲ್’ ಎಂದೂ ಅದಕ್ಕಿಂತ ಕೆಳದರ್ಜೆಯದಕ್ಕೆ ‘ಶಂಬಸಾಲ್’ ಎಂದೂ ಹೇಳುತ್ತಾರೆ. ಮೊದಲನೆಯದು ಇಂದಿಗೂ ಕರಾವಳಿಯಲ್ಲಿ ಹೆಸರುಳಿದಿರುವ ಜೀರಸಾಲೆ. ಜೀರಿಗೆಯಂತೆ ಸಣ್ಣಗಿರುವ ಈ ಅಕ್ಕಿ ದರದ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬಂದಿರುವುದರಿಂದ, ರಫ್ತಾಗುತ್ತಿದ್ದುದು ಹೊಟ್ಟೆ ತುಂಬುವ ದಪ್ಪಕ್ಕಿ ಮಾತ್ರವಲ್ಲ, ತಳಿಗೆ ತಕ್ಕ ಬೆಲೆಯ ವ್ಯಾಪಾರವೂ ನಡೆಯುತ್ತಿತ್ತೆಂದು ತಿಳಿಯುತ್ತದೆ. ಅಕ್ಕಿಯ ದಾಸ್ತಾನಿಗೆ ಅವರು ಬಳಸುವ ‘ಬಂಗಸಾಲ್’ ಕರಾವಳಿಯ ಬಂಕಸಾಲೆಯ ಸೋದರ ಪದ. ಸಂಸ್ಕೃತದ ಭಾಂಡಶಾಲೆ ಇದರ ಮೂಲವೆಂದು ಊಹಿಸಲಾಗಿದ್ದು, ಮಲಯ ಭಾಷೆಯವರೆಗೂ ಇದರ ಬಳಗ ಹರಡಿದೆ. ಅಳತೆಗೆ ಬರುವ ‘ಮುರ’ ಎಂಬುದು ಕೊಂಕಣಿ, ಮರಾಠಿಗಳ ಮುಡೊ, ಮುಡಾ ಮತ್ತು ಕನ್ನಡದ ಮೂಡೆ, ಮುಡಿಗಳ ಬಳಗಕ್ಕೆ ಸೇರಿದ್ದು.

ಮೂಡೆಯೆಂದರೆ ಬರಿಯ ಪ್ರಮಾಣವಲ್ಲ. ಒಣಹುಲ್ಲನ್ನು ಹಗ್ಗವಾಗಿ ಹೊಸೆದು, ಒಳಗೆ ಅಕ್ಕಿ ತುಂಬಿ, ಹೊರಗಿನಿಂದ ಬಿಗಿದು ಸುತ್ತಿ ಮಾಡುವ ಗುಂಡನೆಯ ಕಟ್ಟು ಅದು. ಚೆನ್ನಾಗಿ ಕಟ್ಟಿದ ಮುಡಿಯೊಳಗಿನ ಅಕ್ಕಿ ಮಳೆಗಾಲದ ತೇವಕ್ಕೂ ಹುಳುವಿಗೂ ಬೇಗ ಸಿಕ್ಕುವುದಿಲ್ಲ. ದೋಣಿಯಲ್ಲಿ ಉರುಳಿಸಿ ಜೋಡಿಸಲು ಆ ಆಕಾರ ಅನುಕೂಲ. ಅಳತೆ, ಗೋಣಿ, ಗೋದಾಮು ಮೂರೂ ಆಗಿದ್ದ ಈ ವಸ್ತುವಿಲ್ಲದೆ ಸಮುದ್ರದಾಚೆಯ ಅಕ್ಕಿ ವ್ಯಾಪಾರವನ್ನು ಊಹಿಸುವುದು ಕಷ್ಟ. ಇದನ್ನು ಕಟ್ಟುತ್ತಿದ್ದವರು ಗದ್ದೆಯ ಕೆಲಸದವರು, ಹೊರುತ್ತಿದ್ದವರು ಕೂಲಿಯವರು, ಸಾಗಿಸುತ್ತಿದ್ದವರು ದೋಣಿಯವರು. ಭತ್ತವನ್ನು ಕುಟ್ಟಿ ಅಕ್ಕಿ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಹಲರ ಶಾಸನದಲ್ಲಾಗಲಿ ಗೋವೆಯ ಕಾಗದದಲ್ಲಾಗಲಿ ಇವರಾರ ಹೆಸರೂ ಇಲ್ಲ. ಕರಾವಳಿಯ ಪಾಡ್ದನಗಳಲ್ಲಿ, ಕುಂದಗನ್ನಡದ ದುಡಿಮೆಯ ಹಾಡು ಗಾದೆಗಳಲ್ಲಿ ಮುಡಿ ಕಟ್ಟುವ, ಭತ್ತ ಕುಟ್ಟುವ, ದೋಣಿ ನಡೆಸುವ ಪದಕೋಶವನ್ನು ಈ ದೃಷ್ಟಿಯಿಂದ ಸಂಗ್ರಹಿಸಿದರೆ ಮೂರನೆಯ ಬಗೆಯ ದಾಖಲೆಯೊಂದು ಕೈಗೆ ಬರುವ ಸಾಧ್ಯತೆಯಿದೆ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಮುಡಿ ಕಟ್ಟಬಲ್ಲವರ ಸಂಖ್ಯೆ ಕರಾವಳಿಯಲ್ಲಿ ತೀರ ಇಳಿದಿದೆ. ಹುಲ್ಲನ್ನು ಎಷ್ಟು ಸುತ್ತು ಹಾಕಬೇಕು, ಯಾವ ಹಂತಕ್ಕೆ ಏನು ಹೆಸರು, ಒಂದು ಮುಡಿಗೆ ಎಷ್ಟು ಹಾನೆ ಎಂಬ ತಿಳಿವಳಿಕೆ ಅವರಲ್ಲಿದೆ. ಶಾಸನಗಳು ಮೂಡೆಯ ಲೆಕ್ಕವನ್ನು ಹಾನೆಯಲ್ಲಿ ಕೊಟ್ಟಿವೆ, ಪೋರ್ಚುಗೀಸರು ಫರ್ದೊ ಎಂಬ ತಮ್ಮ ಚೀಲದ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಇವೆರಡನ್ನೂ ಒಂದಕ್ಕೊಂದು ಹೊಂದಿಸಿ ನೋಡುವ ಮೊದಲು ಮೂಡೆಯನ್ನು ಕೈಯಿಂದ ಕಟ್ಟಿದವರನ್ನು ಕೇಳಬೇಕಾಗಿದೆ.